ಯಾವ ಸ್ವರ ಎಂದು ಕೇಳಿಸುವ ಪೆಟ್ಟಿಗೆ

ಗಣೇಶೋತ್ಸವದ ಮೂರನೆಯ ರಾತ್ರಿ ಕಾರ್ಯಕ್ರಮ ಮುಗಿಸಿ ಕೇಬಲ್ ಸುತ್ತುತ್ತಾ ಕುಳಿತಿದ್ದೆ. ನಮ್ಮ ಕೀಬೋರ್ಡ್ ಮೇಷ್ಟ್ರು ಹತ್ತಿರ ಬಂದು ನಿಂತರು. "ನೀನು ನುಡಿಸುತ್ತಿದ್ದೀಯ ಎಂಬುದು ನನ್ನ ಕಾಲಿಗೆ ಗೊತ್ತಾಗುತ್ತದೆ ಕಣಪ್ಪ, ಹಲಗೆ ನಡುಗುತ್ತದಲ್ಲ. ಆದರೆ ಯಾವ ಸ್ವರ ನುಡಿಸುತ್ತಿದ್ದೀಯ ಎಂದು ದೇವರಾಣೆಗೂ ತಿಳಿಯುವುದಿಲ್ಲ" ಎಂದರು. ಬೈದರೋ ಮರುಗಿದರೋ ಗೊತ್ತಾಗಲಿಲ್ಲ. ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ.

ಶಿವಮೊಗ್ಗದ ನಮ್ಮ ಆರ್ಕೆಸ್ಟ್ರಾ ಸಣ್ಣದು. ಇಬ್ಬರು ಗಾಯಕರು, ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಬೇಸ್ ಗಿಟಾರ್ ಹಿಡಿದ ನಾನು. ಹಗಲು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತಿಕೆ, ಗಣೇಶ ಚೌತಿಯಿಂದ ರಾಜ್ಯೋತ್ಸವ ಮುಗಿಯುವ ತನಕ ರಾತ್ರಿಯೆಲ್ಲ ಪೆಂಡಾಲು. ದೊಡ್ಡ ಕಾರ್ಯಕ್ರಮಗಳಲ್ಲಿ ಮೈಕ್‌ಸೆಟ್‌ನವರು ನನ್ನ ಗಿಟಾರಿನ ಕೇಬಲನ್ನೂ ಮಿಕ್ಸರಿಗೆ ಎಳೆದುಕೊಳ್ಳುತ್ತಾರೆ. ಬಡಾವಣೆಯ ಸಣ್ಣ ಪೆಂಡಾಲುಗಳಲ್ಲಿ ಅದೆಲ್ಲ ಇಲ್ಲ. ಎರಡು ಕಂಬದ ಮೇಲೆ ಎರಡು ಸ್ಪೀಕರ್, ಅದರಲ್ಲಿ ಗಾಯಕರು ಮತ್ತು ಕೀಬೋರ್ಡ್. ನನ್ನ ಪಾಲಿಗೆ ವೇದಿಕೆಯ ಮೇಲೆ ನಾನೇ ಹೊತ್ತು ತಂದ ಪೆಟ್ಟಿಗೆ. ಜನರಿಗೆ ಕೇಳುವುದೂ ಅದೇ, ನನಗೆ ಕೇಳುವುದೂ ಅದೇ.

ಆ ಪೆಟ್ಟಿಗೆಯ ಕಥೆಯೇ ಬೇರೆ. ಅದುರಿ ಸದ್ದು ಹೊರಡಿಸುವ ಹದಿನೈದು ಇಂಚಿನ ಒಂದೇ ಕೋನ್, ಮೇಲೆ ಕೀರಲು ಸದ್ದಿಗೆಂದು ಇರುವ ಟ್ವೀಟರ್ ಎಂಬುದೇ ಇಲ್ಲ. ಯಾರೋ ತಮ್ಮ ಸ್ಪೀಕರ್ ಸೆಟ್ಟಿನ ಕೆಳಗಿನ ಬೇಸ್ ಬಾಕ್ಸನ್ನು ಮಾರಿದಾಗ ಕೊಂಡದ್ದು. ಇಬ್ಬರು ಹಿಡಿದರೆ ಏಳುತ್ತದೆ, ಒಬ್ಬನೇ ಹಿಡಿದರೆ ಸೊಂಟ ಕೂರುತ್ತದೆ.

ಮೇಷ್ಟ್ರ ಮಾತನ್ನು ನಾನು ಮೊದಲು ತಪ್ಪಾಗಿಯೇ ಅರ್ಥ ಮಾಡಿಕೊಂಡೆ. ಬೇಸ್ ಸಾಲುತ್ತಿಲ್ಲ, ಇನ್ನೂ ದೊಡ್ಡ ಪೆಟ್ಟಿಗೆ ಬೇಕು, ಇನ್ನೂ ಕೆಳಗಿನ ಸದ್ದು ಬರಬೇಕು ಎಂದುಕೊಂಡೆ. ಹದಿನೆಂಟು ಇಂಚಿನದನ್ನೇ ತಂದುಬಿಡೋಣ ಎನ್ನುವ ತನಕ ಹೋಗಿತ್ತು ತಲೆ. ಕೈಯಲ್ಲಿದ್ದ ಹಣ ಮೂವತ್ತು ಸಾವಿರ. "ಮನೆಯಲ್ಲಿ ಫ್ರಿಜ್ ಇದೆಯಲ್ಲ, ಇನ್ನೊಂದು ಏಕೆ ತರುತ್ತೀರಿ?" ಎಂದು ನನ್ನಾಕೆ ಕೇಳಿದ್ದು ಬರೀ ಗಾತ್ರ ನೋಡಿ. ಆದರೆ ಆಕೆಗೆ ತಿಳಿಯದೆಯೇ ಮಾತು ಸರಿಯಾಗಿ ತಾಗಿತ್ತು. ಬೇಸ್ ವಾದಕರು ತಲೆಬಾಗುವ ಪೆಟ್ಟಿಗೆ ಆಂಪೆಗ್ ಕಂಪನಿಯ ಎಂಟು ಕೋನ್‌ಗಳ ಕ್ಯಾಬಿನೆಟ್. ಹತ್ತು ಇಂಚಿನ ಎಂಟು ಸ್ಪೀಕರ್, ಅರವತ್ತು ಕಿಲೋ ಮೀರಿದ ತೂಕ, 1969ರಿಂದ ರಾಕ್ ವೇದಿಕೆಗಳ ಹಿಂದೆ ಗೋಡೆಯಂತೆ ನಿಂತದ್ದು. ಅದನ್ನು ಕರೆಯುವುದೇ ಫ್ರಿಜ್ ಎಂದು.

ಆ ಫ್ರಿಜ್ಜಿನ ವಿವರ ಓದಿದ ದಿನ ನನ್ನ ಲೆಕ್ಕ ತಲೆಕೆಳಗಾಯಿತು. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಲೆಕ್ಕ, ಡೆಸಿಬೆಲ್ ಸದ್ದಿನ ಅಳತೆ. ಅದರ ಸದ್ದು 58 ಹರ್ಟ್ಸಿನ ಹೊತ್ತಿಗೇ 3 ಡೆಸಿಬೆಲ್ ಇಳಿದಿರುತ್ತದೆ, 40 ಹರ್ಟ್ಸಿಗೆ ಬರುವಾಗ 10 ಡೆಸಿಬೆಲ್ ಕಡಿಮೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ, ಪಾಶ್ಚಾತ್ಯ ಹೆಸರಿನಲ್ಲಿ ಇ, ಬೆರಳು ಒತ್ತದೆ ಮಿಡಿದರೆ 41 ಹರ್ಟ್ಸ್. ಅದರ ಮೇಲಿನ ಎ 55, ಡಿ 73, ಜಿ 98. ಲೋಕವೆಲ್ಲ ಹೊಗಳುವ ಪೆಟ್ಟಿಗೆಯೇ ಆ ಇ ತಂತಿಯ ಮೂಲ ಕಂಪನವನ್ನು ಪೂರ್ತಿ ಕೊಡುವುದಿಲ್ಲ. ಹಾಗಿದ್ದೂ ಅದು ಎಲ್ಲರಿಗೂ ಮೆಚ್ಚು.

ಕಾರಣ ನಮ್ಮ ಕಿವಿಯಲ್ಲಿದೆ. ತಂತಿ ಮಿಡಿದಾಗ 41ರ ಜೊತೆಗೆ ಅದರ ಇಮ್ಮಡಿ 82, ಮುಮ್ಮಡಿ 123, ಹೀಗೆ ಮೇಲಕ್ಕೆ ಒಂದು ಸಾಲೇ ಹೊರಡುತ್ತದೆ. ಮೂಲ ಕಂಪನ ಸಣ್ಣದಾಗಿದ್ದರೂ, ಇಲ್ಲವೇ ಇಲ್ಲದಿದ್ದರೂ, ಮೇಲಿನ ಸಾಲು ಸರಿಯಾಗಿ ಕೇಳಿಸಿದರೆ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಪುಟ್ಟ ಟ್ರಾನ್ಸಿಸ್ಟರಿನಲ್ಲಿ ಬೇಸ್ ಗಿಟಾರ್ ಏನು ನುಡಿಸುತ್ತಿದೆ ಎಂದು ನಮಗೆ ತಿಳಿಯುತ್ತಿದ್ದುದು ಹೀಗೆಯೇ. ನನ್ನ ಹಳೆಯ ಪೆಟ್ಟಿಗೆ ಮಾಡುತ್ತಿದ್ದುದು ಇದಕ್ಕೆ ತಿರುವು. ತಳವನ್ನು ಕೊಡುತ್ತಿತ್ತು, ಮೇಲಿನ ಸಾಲನ್ನು ನುಂಗುತ್ತಿತ್ತು. ಮೇಷ್ಟ್ರ ಕಾಲಿಗೆ ಸಿಕ್ಕಿದ್ದು ತಳ, ಕಿವಿಗೆ ಸಿಗದೆ ಹೋದದ್ದು ನಡು.

ಅಂದರೆ ನನಗೆ ಬೇಕಾಗಿದ್ದುದು ತಳದಿಂದ ತುದಿಯ ತನಕ ಒಂದೇ ಸಮನಾಗಿ ಮಾತನಾಡುವ ಪೆಟ್ಟಿಗೆ. ಫುಲ್ ರೇಂಜ್ ಎನ್ನುವುದು ಅದಕ್ಕೇ.

ಇದನ್ನು ತಲೆಯಲ್ಲಿಟ್ಟುಕೊಂಡು ಒಂದು ದಿನ ರಜೆ ಹಾಕಿ, ಗಿಟಾರ್ ಹೆಗಲಿಗೇರಿಸಿ, ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಆ ರಸ್ತೆಯಲ್ಲಿ ಸ್ಪೀಕರ್ ಕೇಳಿದರೆ ಎಲ್ಲರೂ ಹೇಳುವುದು ಒಂದೇ ಲೆಕ್ಕ: ವ್ಯಾಟ್. ಒಬ್ಬರು ಎಂಟುನೂರು ಎಂದರು, ಪಕ್ಕದವರು ಸಾವಿರದ ಇನ್ನೂರು. ಬೆಲೆ ಮಾತ್ರ ಹೆಚ್ಚು ಕಡಿಮೆ ಅಷ್ಟೇ. ಇದೇನು ಚಮತ್ಕಾರ ಎಂದು ನೋಡಿದರೆ ಒಬ್ಬರದು ಪೀಕ್ ಲೆಕ್ಕ, ಇನ್ನೊಬ್ಬರದು ಪ್ರೋಗ್ರಾಂ ಲೆಕ್ಕ. ನಿರಂತರವಾಗಿ ತಡೆದುಕೊಳ್ಳುವ ಆರ್‌ಎಂಎಸ್ ವ್ಯಾಟಿನ ಎರಡರಷ್ಟನ್ನು ಪ್ರೋಗ್ರಾಂ ಎಂದೂ ನಾಲ್ಕರಷ್ಟನ್ನು ಪೀಕ್ ಎಂದೂ ಬರೆಯುವುದು ಈ ವ್ಯಾಪಾರದ ರೂಢಿ. ಮುನ್ನೂರು ವ್ಯಾಟಿನ ಸ್ಪೀಕರ್ ಪೆಟ್ಟಿಗೆಯ ಮೇಲೆ ಸಾವಿರದ ಇನ್ನೂರು ಎಂದು ಅಚ್ಚಾಗಿದ್ದರೆ ಅದು ಸುಳ್ಳಲ್ಲ, ನಿಜವೂ ಅಲ್ಲ.

ನಾನು ಕೇಳಿದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಎನ್ನುವ ಅಂಕಿ ಅದು. ವ್ಯಾಟ್ ಇಮ್ಮಡಿಸಿದರೆ ಸಿಗುವುದು ಬರೀ 3 ಡೆಸಿಬೆಲ್. ಹಾಗಾಗಿ 97 ಡೆಸಿಬೆಲ್ಲಿನ ಸ್ಪೀಕರಿಗೆ 150 ವ್ಯಾಟ್ ಕೊಟ್ಟರೂ 94ರ ಸ್ಪೀಕರಿಗೆ 300 ವ್ಯಾಟ್ ಕೊಟ್ಟರೂ ಸದ್ದು ಒಂದೇ. ಅಂಗಡಿಯ ಹುಡುಗ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಸಾರ್, ಇದರಲ್ಲಿ ಅದು ಬರೆದಿಲ್ಲ. ಆದರೆ ಬೇಸ್ ತುಂಬಾ ಚೆನ್ನಾಗಿದೆ" ಎಂದ. ಗಿಟಾರ್ ಹಚ್ಚಿಸಿದ. ನಿಜಕ್ಕೂ ಎದೆ ತುಂಬುವಂತೆ ಇತ್ತು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಮೂಲೆಯಲ್ಲಿ ಪೆಟ್ಟಿಗೆ. 41 ಹರ್ಟ್ಸಿನ ಒಂದು ಅಲೆಯ ಉದ್ದವೇ ಎಂಟು ಮೀಟರಿಗಿಂತ ಹೆಚ್ಚು. ಅಂಥ ಕೋಣೆಯ ಮೂಲೆಯಲ್ಲಿ ಎಂಥ ಡಬ್ಬವೂ ಗುಡುಗುತ್ತದೆ. ಆ ಗುಡುಗು ಡಬ್ಬದ್ದಲ್ಲ, ಗೋಡೆಗಳದ್ದು. ನಾನು ನುಡಿಸಬೇಕಾದದ್ದು ಮೂರು ಕಡೆ ಬಯಲಾದ ಪೆಂಡಾಲಿನಲ್ಲಿ.

ವಿದೇಶದ ಬೇಸ್ ಕ್ಯಾಬಿನೆಟ್ಟುಗಳ ಬೆಲೆ ಕೇಳಿ ಮುಂದಿನ ಅಂಗಡಿಗೆ ನಡೆದೆ. ಆಮದು ಸುಂಕ ಸೇರಿ ಬರುವ ಆ ಮೊತ್ತಕ್ಕೆ ನನ್ನ ಮೂವತ್ತು ಸಾವಿರ ಮುಂಗಡಕ್ಕೂ ಸಾಲದು, ಮೇಲೆ ಆಂಪ್ಲಿಫಯರ್ ಬೇರೆ. ಖಾಲಿ ಕೈಯಲ್ಲಿ ರಾತ್ರಿ ಬಸ್ಸಿಗೆ ವಾಪಸಾದೆ. ಖಾಲಿ ಕೈ ಎಂದರೆ ಪೂರ್ತಿ ಖಾಲಿಯಲ್ಲ, ಎರಡು ಜಾಕ್ ಪಿನ್ನು ಕೊಂಡಿದ್ದೆ.

ನಡುವೆ ಒಂದು ತಿಂಗಳು ನಾನೇ ಕಟ್ಟಿಬಿಡೋಣ ಎಂಬ ಹುಚ್ಚೂ ಹಿಡಿಯಿತು. ಅಮೆರಿಕದ ಬೇಸ್ ವಾದಕರೊಬ್ಬರು ಫಿಯರ್‌ಫುಲ್ ಎಂಬ ಹೆಸರಿನ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹದಿನೈದು ಇಂಚಿನ ಕೋನಿನ ಜೊತೆಗೆ ನಡುವಿನ ಸ್ವರಗಳಿಗೆಂದೇ ಆರು ಇಂಚಿನದೊಂದು. ನಕ್ಷೆ ನೋಡುತ್ತಿದ್ದಂತೆ ಮೇಷ್ಟ್ರ ದೂರಿಗೆ ಉತ್ತರ ಅದರಲ್ಲೇ ಇದೆ ಎನಿಸಿತು. ದೊಡ್ಡ ಕೋನಿಗೆ ಒಂದು ತೊಂದರೆ ಇದೆ. ಹದಿನೈದು ಇಂಚಿನ ಸ್ಪೀಕರಿನಲ್ಲಿ ನಿಜವಾಗಿ ಅಲುಗುವ ಭಾಗದ ಅಗಲ ಸುಮಾರು 33 ಸೆಂಟಿಮೀಟರ್. ಸಾವಿರ ಹರ್ಟ್ಸಿನ ಅಲೆಯ ಉದ್ದವೂ ಸುಮಾರು ಅಷ್ಟೇ. ಅಲ್ಲಿಂದ ಮೇಲಕ್ಕೆ ಸದ್ದು ಹರಡುವುದನ್ನು ಬಿಟ್ಟು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಹೋಗಲು ಶುರುಮಾಡುತ್ತದೆ. ಎದುರಿಗೆ ನಿಂತವನಿಗೆ ಕೇಳುವುದು ಪಕ್ಕದಲ್ಲಿ ಕುಳಿತವನಿಗೆ ಇಲ್ಲ. ನನ್ನ ಪೆಂಡಾಲಿನಲ್ಲಿ ಪಕ್ಕದಲ್ಲಿ ಕುಳಿತವರು ಯಾರು ಎಂದರೆ ಮೇಷ್ಟ್ರೇ.

ಆದರೆ ಆ ನಕ್ಷೆಗೆ ಬೇಕಾದ ನಿಯೋಡಿಮಿಯಮ್ ಆಯಸ್ಕಾಂತದ ಸ್ಪೀಕರುಗಳು ಆಮದಿನವು. ನಕ್ಷೆ ಒಂದನ್ನು ಬಿಟ್ಟು ಸ್ಪೀಕರ್ ಇನ್ನೊಂದನ್ನು ಹಾಕಿದರೆ ಪೆಟ್ಟಿಗೆಯ ಅಳತೆಯೇ ಸುಳ್ಳಾಗುತ್ತದೆ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಬರೆದದ್ದು, ಮುಂದೆ ರಿಚರ್ಡ್ ಸ್ಮಾಲ್ ಬೆಳೆಸಿದ್ದು ಇದೇ ಲೆಕ್ಕವನ್ನು. ಕೋನು, ಪೆಟ್ಟಿಗೆಯ ಒಳಗಿನ ಗಾಳಿ, ಗಾಳಿ ಆಡುವ ತೂತು ಮೂರೂ ಒಂದಕ್ಕೊಂದು ಹೊಂದಬೇಕು. ಇದರ ಜೊತೆಗೆ ಹಾಫ್‌ಮನ್ ಅವರ ಕಬ್ಬಿಣದ ನಿಯಮ: ಪೆಟ್ಟಿಗೆ ಚಿಕ್ಕದಿರಬೇಕು, ತಳದ ಸದ್ದು ಬರಬೇಕು, ಕಡಿಮೆ ವ್ಯಾಟಿಗೆ ಹೆಚ್ಚು ಸದ್ದು ಬರಬೇಕು ಎಂಬ ಮೂರರಲ್ಲಿ ಎರಡನ್ನು ಮಾತ್ರ ಕೇಳಬಹುದು. ನಮ್ಮ ಬೀದಿಯ ಬಡಗಿಗೆ ಇದನ್ನು ವಿವರಿಸಿದೆ. ಆತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಪ್ಲೈವುಡ್ ಹದಿನೆಂಟು ಎಂಎಂ ಹಾಕಿದರೆ ತೂಕ ಎಷ್ಟಾಗುತ್ತದೆ ಗೊತ್ತಾ ಸಾರ್?" ಎಂದ. ಹುಚ್ಚು ಅಲ್ಲಿಗೆ ಇಳಿಯಿತು.

ಕೊನೆಗೆ ದಾರಿ ತೋರಿಸಿದ್ದು ನಮ್ಮೂರಿನ ಮೈಕ್‌ಸೆಟ್ ಅಂಗಡಿಯ ಅಣ್ಣ. "ಕೊಳ್ಳುವುದು ಆಮೇಲೆ. ಮಂಗಳವಾರ ಕಾರ್ಯಕ್ರಮ ಇಲ್ಲ, ಗೋಡೌನಿನ ಹಿಂದೆ ಬಯಲಿದೆ, ಗಿಟಾರ್ ತೆಗೆದುಕೊಂಡು ಬಾ" ಎಂದರು. ಅಲ್ಲಿ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟೆವು. ಒಂದು, ಹದಿನೈದು ಇಂಚಿನ ಕೋನ್ ಮತ್ತು ಕೀರಲು ಸದ್ದಿಗೆ ಹಾರ್ನ್ ಇರುವ ಪ್ಲಾಸ್ಟಿಕ್ ಮೈಯ ಪವರ್ಡ್ ಸ್ಪೀಕರ್, ಅಂದರೆ ಆಂಪ್ಲಿಫಯರ್ ಒಳಗೇ ಇರುವಂಥದ್ದು. ಎರಡು, ಹನ್ನೆರಡು ಇಂಚಿನ ಕೋನ್ ಮತ್ತು ಹಾರ್ನ್ ಇರುವ, ಪ್ಲೈವುಡ್ ಮೈಯ ಪವರ್ಡ್ ಸ್ಪೀಕರ್. ಮೂರನೆಯದು ಭದ್ರಾವತಿಯ ಗೆಳೆಯನೊಬ್ಬನಿಂದ ಎರವಲು ತಂದದ್ದು, ಹತ್ತು ಇಂಚಿನ ಎರಡು ಕೋನ್ ಇರುವ ಅಪ್ಪಟ ಬೇಸ್ ಕ್ಯಾಬಿನೆಟ್ಟು. ಅದಕ್ಕೆ ಅವನದೇ ಆಂಪ್ಲಿಫಯರ್.

ಹಾಡು ನುಡಿಸಲಿಲ್ಲ. ಹಾಡು ನುಡಿಸಿದರೆ ಕಿವಿ ಮರುಳಾಗುತ್ತದೆ. ಜಿ ತಂತಿಯಿಂದ ಹಿಡಿದು ಗಿಟಾರಿನ ಕತ್ತಿನ ಮೇಲೆ ಒಂದೊಂದೇ ಮನೆ (ಫ್ರೆಟ್) ಇಳಿಯುತ್ತಾ, ಒಂದೇ ಬಲದಲ್ಲಿ ಮಿಡಿಯುತ್ತಾ, ಕೊನೆಯ ಇ ತನಕ ಬಂದೆ. ಸದ್ದು ಎಲ್ಲಿ ದಿಢೀರ್ ಉಬ್ಬುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಅಣ್ಣ ಇಪ್ಪತ್ತು ಅಡಿ ದೂರ ನಿಂತು ಕೈಸನ್ನೆ ಮಾಡುತ್ತಿದ್ದರು. ಹದಿನೈದರ ಪೆಟ್ಟಿಗೆಯಲ್ಲಿ ಎ ಸ್ವರದ ಆಸುಪಾಸಿನಲ್ಲಿ ಎರಡು ಮೂರು ಮನೆಗಳು ಮೇಲೆದ್ದು ಕುಣಿದವು. ಉಳಿದವು ಅವುಗಳ ನೆರಳಿನಲ್ಲಿ ಅವಿತವು. ಅಂಗಡಿಯಲ್ಲಿ ಕೇಳಿದ್ದರೆ ಅದನ್ನೇ ತುಂಬು ಬೇಸ್ ಎಂದು ಕೊಂಡು ತರುತ್ತಿದ್ದೆ. ಹನ್ನೆರಡರದ್ದು ಸಮನಾಗಿ ಇಳಿಯಿತು. ಎಫ್ ಮತ್ತು ಇ ಹೊತ್ತಿಗೆ ಮೈ ತೆಳುವಾಯಿತು, ಆದರೆ ಯಾವ ಸ್ವರ ಎಂದು ಒಂದರಲ್ಲೂ ಅನುಮಾನ ಬರಲಿಲ್ಲ.

ಆಮೇಲೆ ಮೊಬೈಲಿನಲ್ಲಿ ಶುದ್ಧ ನಾದ ಹೊರಡಿಸುವ ಆ್ಯಪ್ ಹಾಕಿ 41 ಹರ್ಟ್ಸ್ ಕೊಟ್ಟೆವು. ಇದೊಂದು ಒಳ್ಳೆಯ ಪರೀಕ್ಷೆ. ಸದ್ದು ಏರಿಸುತ್ತಾ ಹೋದಂತೆ ಪ್ಲಾಸ್ಟಿಕ್ ಪೆಟ್ಟಿಗೆ ಒಂದು ಹಂತದಲ್ಲಿ ಮೆಲ್ಲಗೆ ಮೋಸ ಮಾಡಿತು. ಕೇಳಿಸುತ್ತಿದ್ದುದು 41ರ ನಾದವಾಗಿರದೆ ಅದರ ಇಮ್ಮಡಿಯಾಗಿತ್ತು. ಕೋನು ಸುಮ್ಮನೆ ಹಿಂದೆ ಮುಂದೆ ಬಡಿದುಕೊಳ್ಳುತ್ತಿತ್ತು, ಪೋರ್ಟ್ ಎನ್ನುವ ಆ ಗಾಳಿತೂತಿನ ಬಾಯಿಗೆ ಅಂಗೈ ಹಿಡಿದರೆ ಬೀಸಣಿಗೆಯಂತೆ ಗಾಳಿ. ತೂತಿನ ಶ್ರುತಿ ಎಷ್ಟು ಹರ್ಟ್ಸಿಗಿದೆಯೋ ಅದಕ್ಕಿಂತ ಕೆಳಗೆ ಕೋನಿಗೆ ಗಾಳಿಯ ಹಿಡಿತ ತಪ್ಪಿಹೋಗುತ್ತದೆ. ಐದು ತಂತಿಯ ಗಿಟಾರಿನ ಬಿ, ಅಂದರೆ 31 ಹರ್ಟ್ಸ್, ಕೊಟ್ಟಿದ್ದರೆ ಇನ್ನೂ ಕಷ್ಟ. ನನ್ನದು ನಾಲ್ಕು ತಂತಿ, ಆ ಚಿಂತೆ ಇಲ್ಲ.

ಭದ್ರಾವತಿಯ ಕ್ಯಾಬಿನೆಟ್ಟಿನ ಬಗ್ಗೆ ಸತ್ಯ ಹೇಳಬೇಕು. ಬೆರಳಿಗೆ ಅಂಟಿದಂತೆ ಇತ್ತು ಅದರ ದನಿ. ಬರೀ ಗಿಟಾರ್ ನುಡಿಸುತ್ತಾ ಕೂರುವುದಾದರೆ ನನಗೆ ಇಂದಿಗೂ ಅದೇ ಬೇಕು. ಆದರೆ ಎರಡು ಅಡಿ ಎತ್ತರದ ಪೆಟ್ಟಿಗೆ ನೆಲದ ಮೇಲೆ ಕುಳಿತು ಮಾತನಾಡುವುದು ನನ್ನ ಮೊಣಕಾಲಿನ ಜೊತೆ. ಹನ್ನೆರಡರ ಪವರ್ಡ್ ಪೆಟ್ಟಿಗೆಯ ಒಂದು ಮಗ್ಗುಲನ್ನು ಓರೆಯಾಗಿ ಕತ್ತರಿಸಿದ್ದರು. ಅದನ್ನು ಆ ಮಗ್ಗುಲಿಗೆ ಮಲಗಿಸಿದರೆ ಗಾಯಕರ ಮಾನಿಟರಿನಂತೆ ಮುಖ ಮೇಲೆತ್ತಿ ನೇರ ಕಿವಿಗೆ ಹೇಳುತ್ತದೆ. ಅಣ್ಣ ಅದನ್ನು ಮಲಗಿಸಿದ ಕ್ಷಣ ಸದ್ದಿನ ಗುಬಟು ಎರಡು ಗೆರೆ ಇಳಿಸಬೇಕಾಯಿತು. ಆಂಪ್ಲಿಫಯರ್ ಒಳಗೇ ಇರುವುದರಿಂದ ಅದನ್ನು ಸ್ಪೀಕರಿಗೆ ಹೊಂದಿಸುವ ಓಮ್ ಲೆಕ್ಕದ ರಗಳೆಯೂ ಇಲ್ಲ. ಗಿಟಾರಿನ ಸದ್ದನ್ನು ಹದಮಾಡುವ ನನ್ನ ಹಳೆಯ ಪ್ರಿಆಂಪ್ ಪೆಡಲಿನಿಂದ ಒಂದು ಕೇಬಲ್ ಹಾಕಿದರೆ ಆಯಿತು.

ಹೊಸದಕ್ಕೆ ಮೂವತ್ತನಾಲ್ಕು ಸಾವಿರ. ಅಣ್ಣನ ಬಳಿ ಒಂದು ವರ್ಷ ಬಾಡಿಗೆಗೆ ತಿರುಗಿದ್ದ ಜೋಡಿಯಿತ್ತು. ಜೋಡಿ ಒಡೆಯಲು ಯಾವ ಮೈಕ್‌ಸೆಟ್‌ನವರೂ ಒಪ್ಪುವುದಿಲ್ಲ, ಎತ್ತಿನ ಜೋಡಿಯಂತೆಯೇ ಅದು. ಹದಿನೈದು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಒಂದನ್ನು ಟೆಂಪೋದಿಂದ ಇಳಿಸುವಾಗ ಕೈಜಾರಿ ಮೂಲೆ ಒಡೆದಿತ್ತು. ಜೋಡಿ ಹೇಗೂ ಕೆಟ್ಟಿತು, ಒಡೆಯದಿದ್ದುದನ್ನು ತೆಗೆದುಕೊ ಎಂದರು. ಹತ್ತೊಂಬತ್ತೂವರೆ ಸಾವಿರಕ್ಕೆ ಮಾತಾಯಿತು.

ಗುರುತಿನವರಾದರೂ ನೋಡಿಯೇ ತೆಗೆದುಕೊಂಡೆ. ಅವರೂ ಬೇಸರಿಸಲಿಲ್ಲ, ಮುಂದಿನ ಜಾಲರಿ ತಾವೇ ಬಿಚ್ಚಿಕೊಟ್ಟರು. ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟೆ. ಒಳಗೆ ಕೋನನ್ನು ಅಲುಗಿಸುವ ತಂತಿಸುರುಳಿ, ಅಂದರೆ ಕಾಯಿಲ್, ಉಜ್ಜಿದರೆ ಮರಳು ಕಾಗದದಂತೆ ಸಣ್ಣ ಕರಕರ ಕೇಳಿಸುತ್ತದೆ. ಕೇಳಿಸಲಿಲ್ಲ. ಪೋರ್ಟಿನ ಬಾಯಿಗೆ ಮೂಗಿಟ್ಟು ಮೂಸಿದೆ. ಒಮ್ಮೆ ಕಾದು ಸುಟ್ಟ ಕಾಯಿಲಿನ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಬಂದದ್ದು ಗೋಡೌನಿನ ಇಲಿಯ ವಾಸನೆ ಮಾತ್ರ. ಮತ್ತೆ ಆ್ಯಪ್ ಹಾಕಿ ನಲವತ್ತರಿಂದ ಇನ್ನೂರರ ತನಕ ನಾದವನ್ನು ನಿಧಾನ ಏರಿಸಿದೆ. 55ಕ್ಕೆ ಬಂದಾಗ ಗುಂಗುಂ ಎಂದು ಏನೋ ಅದುರಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಣ್ಣ ಕೈಹಿಡಿಯನ್ನು ಒತ್ತಿದರು, ನಿಂತಿತು. ಸೈಕಲ್ ಟ್ಯೂಬಿನ ಒಂದು ಚೂರು ಕತ್ತರಿಸಿ ಅಡಿಗಿಟ್ಟು ಸ್ಕ್ರೂ ಬಿಗಿದೆವು. ಇಂದಿಗೂ ಅದೇ ಚೂರು ಇದೆ.

ತೂಕ ಹತ್ತೊಂಬತ್ತು ಕಿಲೋ. ಆಟೋದಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ತಂದೆ. ಫ್ರಿಜ್ಜಿಗಿಂತ ಸಣ್ಣದು ಎಂದು ಮನೆಯಾಕೆಗೂ ಸಮಾಧಾನ.

ನನ್ನ ಸಮಾಧಾನ ಒಂದೇ ರಾತ್ರಿ ಉಳಿಯಿತು. ಮರುದಿನ ಅಭ್ಯಾಸಕ್ಕೆ ಕುಳಿತರೆ ಆ ಪೆಟ್ಟಿಗೆ ನನ್ನ ಮಾನವನ್ನೇ ಕಳೆಯಿತು. ಬೆರಳು ತಂತಿಯ ಮೇಲೆ ಜಾರಿದ ಕೀರಲು, ಉಗುರು ತಾಗಿದ್ದು, ಏಳನೆಯ ಮನೆಯಲ್ಲಿ ತಂತಿ ಪಟ್ಟಿಗೆ ಬಡಿಯುವ ಚಟಪಟ ಎಲ್ಲವನ್ನೂ ಹಾರ್ನ್ ಊರಿಗೆಲ್ಲ ಸಾರುತ್ತಿತ್ತು. ಟ್ವೀಟರ್ ಇಲ್ಲದ ಹಳೆಯ ಪೆಟ್ಟಿಗೆ ಇಷ್ಟು ವರ್ಷ ನನ್ನ ಎಷ್ಟೊಂದು ಪಾಪಗಳಿಗೆ ಕಂಬಳಿ ಹೊದಿಸಿತ್ತು! ಬೇಸ್ ಕ್ಯಾಬಿನೆಟ್ಟುಗಳಲ್ಲಿ ನಾಲ್ಕೈದು ಸಾವಿರ ಹರ್ಟ್ಸಿನ ಮೇಲೆ ಸದ್ದು ತಾನಾಗಿ ಸಾಯುತ್ತದೆ, ನಮ್ಮ ಕಿವಿಗೆ ಒಗ್ಗಿರುವುದು ಆ ಬೇಸ್. ಫುಲ್ ರೇಂಜ್ ಪೆಟ್ಟಿಗೆಗೆ ಆ ದಾಕ್ಷಿಣ್ಯ ಇಲ್ಲ, ನಾವೇ ಕತ್ತರಿಸಿ ಕೊಡಬೇಕು. ಪೆಡಲಿನಲ್ಲಿ ಕ್ಯಾಬಿನೆಟ್ಟಿನ ಅನುಕರಣೆ ಮಾಡುವ ಗುಂಡಿಯೊಂದಿತ್ತು, ಕೊಂಡ ದಿನದಿಂದ ಮುಟ್ಟಿರಲಿಲ್ಲ. ಅದನ್ನು ಒತ್ತಿದೆ, ಟ್ರೆಬಲ್ ಅರ್ಧಕ್ಕೆ ಇಳಿಸಿದೆ. ಸುಮಾರಾಗಿ ಸಭ್ಯವಾಯಿತು. ನಾಲ್ಕು ವರ್ಷದ ತಂತಿಗಳನ್ನು ತೆಗೆದು ಹೊಸದು ಹಾಕಿದೆ, ಹಳೆಯವು ತುಕ್ಕು ಹಿಡಿದ ಬಾವಿಯ ಸರಪಳಿಯಂತಿದ್ದವು. ಬ್ರಿಡ್ಜಿನ ಸ್ಕ್ರೂ ತಿರುಗಿಸಿ ತಂತಿಗಳನ್ನು ಕೂದಲೆಳೆಯಷ್ಟು ಎತ್ತಿದೆ. ಉಳಿದ ದೋಷ ಬೆರಳಿನದು, ಅದಕ್ಕೆ ಇನ್ನೂ ಸ್ಕ್ರೂ ಬಂದಿಲ್ಲ. ಹದಿನೈದು ದಿನ ಬೆಳಿಗ್ಗೆ ಐದೂವರೆಗೆ ಎದ್ದು ಮೆಲ್ಲಗೆ ಮಿಡಿಯುವುದನ್ನೇ ಕಲಿತೆ.

ರಾಜ್ಯೋತ್ಸವದ ಕಾರ್ಯಕ್ರಮ ಒಂದು ಬಡಾವಣೆಯ ಮೈದಾನದಲ್ಲಿತ್ತು. ಪೆಟ್ಟಿಗೆಯನ್ನು ಓರೆಯಾಗಿ ಮಲಗಿಸಿ, ಮುಖವನ್ನು ನನಗೂ ಮೇಷ್ಟ್ರಿಗೂ ನಡುವೆ ತಿರುಗಿಸಿಟ್ಟೆ. ಹಿಂದೆ ಅರ್ಧಕ್ಕಿಂತ ಮೇಲೆ ಇಡುತ್ತಿದ್ದ ಸದ್ದನ್ನು ಈಗ ಕಾಲು ಭಾಗಕ್ಕೆ ಇಟ್ಟರೂ ನನಗೆ ನಾನು ಕೇಳಿಸುತ್ತಿದ್ದೆ. ಹಲಗೆ ನಡುಗಲಿಲ್ಲ. ತಬಲಾದವನು ಎರಡು ಸಲ ನನ್ನ ಕಡೆ ತಿರುಗಿ ನೋಡಿದ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಎಂಬುದು ಕಾನೂನು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಪೊಲೀಸಿನವರು ಬಂದು ಗಡಿಯಾರ ತೋರಿಸಿದರು, ಕೊನೆಯ ಹಾಡನ್ನು ಒಂದೇ ಚರಣಕ್ಕೆ ಮುಗಿಸಿದೆವು.

ಕೇಬಲ್ ಸುತ್ತುತ್ತಿದ್ದೆ. ಮೇಷ್ಟ್ರು ಕೀಬೋರ್ಡಿಗೆ ಬಟ್ಟೆ ಹೊದಿಸಿ ಹತ್ತಿರ ಬಂದು, ಪೆಟ್ಟಿಗೆಯ ನೆತ್ತಿಗೆ ಎರಡು ಸಲ ತಟ್ಟಿದರು.

"ನಾಲ್ಕನೆಯ ಹಾಡಿನ ಎರಡನೆಯ ಚರಣ. ಜಿ ಬರುವ ಕಡೆ ನೀನು ಎಫ್ ಶಾರ್ಪ್ ನುಡಿಸಿದೆಯಲ್ಲ, ಏಕಪ್ಪಾ?"

"ಮೇಷ್ಟ್ರೇ, ನಾಲ್ಕು ವರ್ಷದಿಂದ ಅಲ್ಲಿ ಅದನ್ನೇ ನುಡಿಸುತ್ತಿದ್ದೇನೆ" ಎಂದೆ.